ಡೌಟು ಬ್ಯಾರೆ, ನಿಗಾ ಬ್ಯಾರೆ

ಮಿಜೋರಾಮಿನ ಬೆಟ್ಟದ ಊರಿನಿಂದ ಬಳ್ಳಾರಿಯ ಬಿಸಿಲಿಗೆ ಬಂದಿಳಿದ ಲಾಲ್ರಿನ್‌ಪುಯಿ ಎಂಬ ಫುಟ್‌ಬಾಲ್ ಕೋಚ್‌ಗೆ ಇಲ್ಲಿನ ಸೆಕೆ ಒಗ್ಗಿತು, ಖಾರ ಒಗ್ಗಿತು, ಆದರೆ ಮಾತು ಒಗ್ಗಲಿಲ್ಲ. ಅವರಿಗೆ ಬರುತ್ತಿದ್ದುದು ಮಿಜೋ ಮತ್ತು ಇಂಗ್ಲಿಷ್. ಹುಡುಗಿಯರಿಗೆ ಬರುತ್ತಿದ್ದುದು ಕನ್ನಡ, ತೆಲುಗು, ಬೈಯುವಷ್ಟು ಉರ್ದು. ಕೋಚ್ ಎಡಕ್ಕೆ ಓಡಿ ಎಂದರೆ ಅರ್ಧ ತಂಡ ಬಲಕ್ಕೆ ಓಡುತ್ತಿತ್ತು, ಉಳಿದರ್ಧ ನಿಂತಲ್ಲೇ ನಿಂತು "ಎಸ್ ಮೇಡಂ" ಎನ್ನುತ್ತಿತ್ತು. ಅವರ ಹೆಸರೂ ಯಾರ ನಾಲಿಗೆಗೂ ಹತ್ತದೆ, ಕೊನೆಗೆ ರಿನ್ನಿ ಮೇಡಂ ಎಂದು ಉಳಿಯಿತು.

ತಂಡ ಕಟ್ಟಿದವರು ಬಳ್ಳಾರಿಯದೇ ಸತ್ಯನಾರಾಯಣಪೇಟೆಯ ನರಸಿಂಹ ಸರ್. ಬ್ಯಾಂಕಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಬೆಳಗಿನ ಸ್ನಾನ, ಸಂಧ್ಯಾವಂದನೆ ಮುಗಿಸಿ ನೇರ ಮೈದಾನಕ್ಕೆ ಬರುವ, ಫುಟ್‌ಬಾಲ್ ಎಂದರೆ ಊಟ ಮರೆಯುವ ಮನುಷ್ಯ. ಸಿರುಗುಪ್ಪ, ಕುರುಗೋಡು, ಬಳ್ಳಾರಿ ಮೂರೂ ಕಡೆಯ ಹುಡುಗಿಯರನ್ನು ಹುಡುಕಿ ತಂದು, ತಮ್ಮ ಮೊಮ್ಮಗಳು ಶ್ರೀಕೃತಿಯ ಜೊತೆಗೆ ಒಂದೇ ಬಣ್ಣದ ಬನಿಯನ್ ತೊಡಿಸಿದ್ದರು. ಕೋಚ್ ಮತ್ತು ಹುಡುಗಿಯರ ನಡುವೆ ಒಂದು ನಾಲಿಗೆ ಬೇಕು ಎಂದು ಅವರು ಹೇಳಿ ಕಳಿಸಿದ್ದು ಕುರುಗೋಡಿನ ಮೇಘಾಗೆ.

ಮೇಘಾ ಇಂಗ್ಲಿಷ್ ಮುಖ್ಯ ವಿಷಯವಾಗಿ ಬಿ.ಎ. ಮುಗಿಸಿ, ಒಂದು ಕೋಚಿಂಗ್ ಸೆಂಟರಿನಲ್ಲಿ ಗ್ರಾಮರ್ ಪಾಠ ಹೇಳುತ್ತ, ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ಅಪ್ಪ ರಾಮಾಂಜಿನಿ ಮಾರುಕಟ್ಟೆಯಲ್ಲಿ ಹಮಾಲಿ. ಮೂಟೆ ಹೊರುತ್ತಲೇ ಮಗಳನ್ನು ಓದಿಸಿದ್ದ. ಜೀವನದಲ್ಲಿ ಒಮ್ಮೆಯೂ ಓಡದವಳು ಮೇಘಾ. ಸಾಲೆಯಲ್ಲಿ ಆಟದ ಪಿರಿಯಡ್ಡಿಗೆ ತಲೆನೋವು ಬರಿಸಿಕೊಂಡವಳು. ಅಂಥವಳು ಈಗ ಸಂಜೆಯಾದರೆ ಮೈದಾನದ ಗೆರೆಯ ಗುಂಟ ಹಿಂದಕ್ಕೂ ಮುಂದಕ್ಕೂ ಓಡುತ್ತ, ಮೇಡಂ ಇಂಗ್ಲಿಷಿನಲ್ಲಿ ಕೂಗಿದ್ದನ್ನು ಕನ್ನಡದಲ್ಲಿ ಕೂಗತೊಡಗಿದಳು. ಅವಳಿಗೇ ಗೊತ್ತಿರದ ಒಂದು ದೊಡ್ಡ ದನಿ ಅವಳೊಳಗಿತ್ತು. "ಲೇ ನಂದಿನಿ, ಹಿಂದ ಬಾ! ಜಾಗಾ ಬಿಡಬ್ಯಾಡ! ಚೆಂಡಲ್ಲ, ಹುಡುಗೀನ್ ನೋಡು!" ಎಂದು ಅವಳು ಕೂಗಿದರೆ ರಸ್ತೆಯಲ್ಲಿ ಹೋಗುವ ಆಟೋದವರೂ ತಿರುಗಿ ನೋಡುತ್ತಿದ್ದರು. ಹತ್ತಾರು ಕಾಲುಗಳು ತನ್ನ ಒಂದು ಮಾತಿಗೆ ದಿಕ್ಕು ಬದಲಿಸುವುದನ್ನು ನೋಡಿ ಅವಳ ಎದೆ ಡವಡವ ಎನ್ನುತ್ತಿತ್ತು. ಮನೆಗೆ ಹೋಗುವ ಬಸ್ಸಿನಲ್ಲೂ ಆ ಗುಂಗು ಇಳಿಯುತ್ತಿರಲಿಲ್ಲ.

ಗೋಲ್ ಕಾಯುವವಳು, ಅಂದರೆ ತಂಡದ ಗೋಲಿ, ಮೇಘಾಳ ಎದುರುಮನೆಯ ಸುಂಕಮ್ಮ. ಎತ್ತರದ ಹುಡುಗಿ, ಉದ್ದ ಕೈ, ಕಡಿಮೆ ಮಾತು. ಅವಳ ತಾಯಿ ವಿರೂಪಮ್ಮ ಮಗಳನ್ನು ಬಳ್ಳಾರಿಗೆ ಕಳಿಸಲು ಮೊದಲು ಒಪ್ಪಿರಲಿಲ್ಲ. "ನಿನ್ ಮ್ಯಾಲ ಭಾರ ಹಾಕಿ ಕಳಸ್ತೀನಿ ನೋಡವಾ ಮೇಘಾ. ನೀ ಹೇಳಿದ್ದ ಕೇಳ್ತಾಳ ಅಕಿ," ಎಂದು ಕೊನೆಗೆ ಒಪ್ಪಿದ್ದಳು. ಅದು ನಿಜ. ಸುಂಕಮ್ಮ ಹೇಳಿದ್ದನ್ನು ಕೇಳುತ್ತಿದ್ದಳು, ಹೇಳಿದಷ್ಟನ್ನೂ ಕೇಳುತ್ತಿದ್ದಳು. ಮೂಲೆಗೆ ನಿಲ್ಲು ಎಂದರೆ ಆಟ ಮುಗಿದ ಮೇಲೂ ಮೂಲೆಯಲ್ಲೇ ನಿಂತಿರುವ ಜಾತಿ.

ಅವಳ ಮುಂದೆ ಕೋಟೆಗೋಡೆಯಂತೆ ನಿಲ್ಲುವ ಡಿಫೆಂಡರ್ ಸಿರುಗುಪ್ಪದ ನಂದಿನಿ. ಗಟ್ಟಿ ಮೈ, ಗಟ್ಟಿ ಬಾಯಿ. ಹಿಂದಿನ ವರ್ಷ ಎರಡೂ ಊರಿನ ತಂಡಗಳು ಎದುರುಬದುರಾಗಿದ್ದಾಗ ಇದೇ ನಂದಿನಿ ಸುಂಕಮ್ಮನ ಕಾಲಸಂದಿಯಲ್ಲಿ ಗೋಲು ಹೊಡೆದು, ಮುಂದೆ ಬಂದು ನಾಲಿಗೆ ಚಾಚಿದ್ದಳು. ಒಂದೇ ಬನಿಯನ್ ತೊಟ್ಟ ಮೇಲೂ ಇಬ್ಬರ ನಡುವೆ ಆ ನಾಲಿಗೆ ಒಳಗೆ ಹೋಗಿರಲಿಲ್ಲ.

ಬಳ್ಳಾರಿಯಲ್ಲೇ ನಡೆಯುವ ಆಹ್ವಾನಿತ ತಂಡಗಳ ಕಪ್ಪಿಗೆ ತಯಾರಿ ಜೋರಾಗಿತ್ತು. ಬೆಳಗಾವಿಯ ತಂಡದಲ್ಲಿ ಒಂಬತ್ತನೇ ನಂಬರಿನ ಒಬ್ಬಳಿದ್ದಾಳೆ, ಮೈಯಲ್ಲೆಲ್ಲ ಮೋಸ, ಹೊಡೆಯುವಂತೆ ಕಾಲೆತ್ತಿ ಹೊಡೆಯದೆ ಗೋಲಿಯನ್ನು ಎಳೆದು ಹಾಕುತ್ತಾಳೆ ಎಂದು ಸುದ್ದಿ ಬಂದಿತ್ತು. ಒಂದು ಸಂಜೆ ರಿನ್ನಿ ಮೇಡಂ ಗೋಲ್‌ಪೋಸ್ಟಿನ ಕಡೆ ಕೈಮಾಡಿ ಕೂಗಿದರು:

"ಬಿ ವೇರಿ, ಸುಂಕಮ್ಮಾ! ಆಲ್ವೇಸ್ ವೇರಿ!"

ಸುಂಕಮ್ಮ ಚೆಂಡು ಹಿಡಿದು ನಿಂತಳು. "ವೆರಿ ಏನ್ ಯಕ್ಕಾ? ವೆರಿ ಗುಡ್ಡಾ?"

ಹುಡುಗಿಯರೆಲ್ಲ ಹೊಟ್ಟೆ ಹಿಡಿದು ನಕ್ಕರು. ಮೇಘಾಗೂ ನಗು ಬಂತು. ಆದರೆ ಇದು ವೆರಿ ಗುಡ್ಡಿನ ವೆರಿ ಅಲ್ಲ, ಡಬ್ಲ್ಯು-ಎ-ಆರ್-ವೈ ವೇರಿ ಎಂದು ಅವಳಿಗೆ ಗೊತ್ತಿತ್ತು. ಪರೀಕ್ಷೆಯ ಗೈಡಿನಲ್ಲಿ ಸಮಾನಾರ್ಥಕ ಪದಗಳನ್ನು ಅವಳು ಮಗ್ಗಿಯ ಹಾಗೆ ಉರುಹೊಡೆದಿದ್ದಳು. ವೇರಿ ಎಂದರೆ ಸಸ್ಪಿಶಿಯಸ್. ಸಸ್ಪಿಶಿಯಸ್ ಎಂದರೆ ಸಂಶಯ. ಓಡುವ ಕಾಲುಗಳ ಮಧ್ಯೆ ಯೋಚಿಸಲು ಹೊತ್ತೆಲ್ಲಿ? ಬಾಯಿಗೆ ಬಂದ ಊರ ಮಾತಿನಲ್ಲೇ ಕೂಗಿದಳು:

"ಡೌಟ್ ಇರ್ಲಿ ಅಂತಾರ! ಎಲ್ಲಾರ ಮ್ಯಾಲೂ ಡೌಟ್ ಇರ್ಲಿ! ಯಾರನ್ನೂ ನಂಬಬ್ಯಾಡ!"

"ಹೂಂ ಯಕ್ಕಾ," ಎಂದಳು ಸುಂಕಮ್ಮ.

ಮೇಡಂ ಆಮೇಲೆ ದಿನಾ ಅದನ್ನೇ ಹೇಳಿದರು, ಮೇಘಾ ದಿನಾ ಅದನ್ನೇ ಕನ್ನಡಕ್ಕೆ ತಿರುಗಿಸಿದಳು. ಸುಂಕಮ್ಮ ದಿನಾ ಅದನ್ನೇ ಮಾಡಿದಳು. ನಂದಿನಿ ಚೆಂಡನ್ನು ಹಿಂದಕ್ಕೆ ತಳ್ಳಿದರೆ, ಇದರಲ್ಲಿ ಏನೋ ಇದೆ ಎಂಬಂತೆ ಹಾರಿಬಿದ್ದು ಹೊರಗೆ ಒದೆಯುತ್ತಿದ್ದಳು. ನಂದಿನಿ ಎದುರಾಳಿಯನ್ನು ತಡೆದು ನಿಂತಿದ್ದರೂ, ಇವಳು ಬಿಟ್ಟುಕೊಡುತ್ತಾಳೆ ಎಂದು ಜಾಗ ಬಿಟ್ಟು ಮುಂದೆ ನುಗ್ಗುತ್ತಿದ್ದಳು. ಗೋಲಿ ಚುರುಕಾಗಿದ್ದಾಳೆ ಎಂದೇ ಮೊದಮೊದಲು ಎಲ್ಲರೂ ಅಂದುಕೊಂಡರು.

ಕಪ್ಪಿನ ಆಟಗಳು ಶುರುವಾದವು. ತಂಡ ಒಂದಾದ ಮೇಲೊಂದು ಆಟ ಗೆದ್ದು ಸೆಮಿಫೈನಲ್ ತಲುಪಿದಾಗ ಸಿರುಗುಪ್ಪದಿಂದಲೂ ಕುರುಗೋಡಿನಿಂದಲೂ ಜನ ಬಸ್ಸು ಹತ್ತಿ ಬಂದು ಮೈದಾನದ ಸುತ್ತ ನೆರೆದರು. ಎದುರಿಗೆ ಕೊಪ್ಪಳದವರು. ನಮ್ಮವರು ಎರಡು ಗೋಲು ಮುಂದಿದ್ದರು, ಆಟ ಮುಗಿಯುವ ಹೊತ್ತು. ಅಷ್ಟರಲ್ಲಿ ಮೇಲಿನಿಂದ ಒಂದು ಚೆಂಡು ತೂಗಿ ಬಂತು. ನಂದಿನಿ ಹಣೆಯೊಡ್ಡಲು ಜಿಗಿದಳು. "ನಂದು!" ಎಂದು ಕೂಗಿಯೂ ಇದ್ದಳು. ಹಿಂದಿನಿಂದ ಸುಂಕಮ್ಮ ಗೂಳಿಯಂತೆ ಬಂದು ಅವಳ ಮೇಲೇ ಬಿದ್ದಳು. ಇಬ್ಬರೂ ನೆಲಕ್ಕೆ. ಚೆಂಡು ಉರುಳಿ ಉರುಳಿ ಖಾಲಿ ಗೋಲಿನೊಳಗೆ.

ಹೇಗೋ ಒಂದು ಗೋಲಿನಿಂದ ಗೆದ್ದರು. ಆದರೆ ಸೀಟಿ ಊದಿದಾಗ ಯಾರೂ ಕುಣಿಯಲಿಲ್ಲ. ನಂದಿನಿಯ ತುಟಿ ಒಡೆದು ರಕ್ತ ಸೋರುತ್ತಿತ್ತು.

"ಕಿವಿ ಕೇಳಂಗಿಲ್ಲೇನ್ ಲೇ ನಿನಗ? ನಂದು ಅಂತ ಒದರಿದೆನಲ್ಲ!"

"ನೀ ಒದರಿದ್ರ ನಾ ನಂಬಬೇಕೇನು?" ಎಂದಳು ಸುಂಕಮ್ಮ, ಮಣ್ಣು ಕೊಡವಿಕೊಳ್ಳುತ್ತ.

"ನಾಳಿ ಅಕಿ ಗೋಲಿ ನಿಂತ್ರ ನಾ ಆಡಂಗಿಲ್ಲ ಸರ್ರೀ!" ನಂದಿನಿ ನರಸಿಂಹ ಸರ್ ಕಡೆ ತಿರುಗಿ ಕೂಗಿದಳು. ಸರ್ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡರು. "ಫೈನಲ್ ಅದ ತಾಯಿ, ಫೈನಲ್! ಇವತ್ತು ಜಗಳಾಡೋ ದಿನಾನ?" ಎಂದು ಗೋಗರೆದರು.

ಸಂಜೆ ಮೇಡಂ ಮೇಘಾಳನ್ನು ಕರೆದುಕೊಂಡು ಮೈದಾನದ ಹೊರಗಿನ ಗಾಡಿಯ ಹತ್ತಿರ ಹೋದರು. ಗಾಡಿಯವಳು ಒಗ್ಗರಣೆ ಹಾಕಿದ ಮಂಡಕ್ಕಿಯನ್ನು ಬಿಸಿಬಿಸಿಯಾಗಿ ಕಾಗದದ ಮೇಲೆ ಸುರಿದುಕೊಟ್ಟಳು. ಮೇಡಂ ತಿನ್ನಲಿಲ್ಲ.

"ಒಂದು ಕೇಳುತ್ತೇನೆ, ಬೇಜಾರಾಗಬೇಡ," ಎಂದರು ಇಂಗ್ಲಿಷಿನಲ್ಲಿ. "ಸುಂಕಮ್ಮ ಯಾಕೆ ಇಷ್ಟು ಸಸ್ಪಿಶಿಯಸ್? ತನ್ನ ತಂಡದವರನ್ನೇ ಶತ್ರುಗಳ ಹಾಗೆ ನೋಡುತ್ತಾಳಲ್ಲ!"

"ನೀವೇ ಹೇಳಿದ್ದಲ್ಲವಾ ಮೇಡಂ? ದಿನಾ ಹೇಳಿದ್ದೀರಿ."

"ನಾನು ಹೇಳಿದ್ದು ವೇರಿ ಆಗಿರು ಅಂತ."

"ಎರಡೂ ಒಂದೇ ಅಲ್ಲವಾ?"

ಮೇಡಂ ಅವಳ ಮುಖವನ್ನೇ ನೋಡಿದರು. ಬೈಯಲಿಲ್ಲ. ತಮ್ಮ ಊರಿನ ರಸ್ತೆಯ ಕಥೆ ಹೇಳಿದರು. ಅಲ್ಲಿ ಬೆಟ್ಟಕ್ಕೆ ಸುತ್ತಿಕೊಂಡ ರಸ್ತೆ. ಒಂದು ಕಡೆ ಗೋಡೆಯಂಥ ಗುಡ್ಡ, ಇನ್ನೊಂದು ಕಡೆ ಪಾತಾಳ. ಮಂಜು ಕವಿದರೆ ಮುಂದಿನ ತಿರುವು ಕಾಣುವುದಿಲ್ಲ. ಅವರ ಅಪ್ಪ ಆ ರಸ್ತೆಯಲ್ಲಿ ಜೀಪು ಓಡಿಸುತ್ತಿದ್ದರು. ಪ್ರತಿ ತಿರುವಿಗೂ ಕಾಲು ಬ್ರೇಕಿನ ಮೇಲೆ, ಕಣ್ಣು ಮುಂದೆ. ಅದು ವೇರಿ. ತಿರುವು ತನ್ನನ್ನು ಕೊಲ್ಲಲೆಂದೇ ಕಾದು ಕೂತಿದೆ ಎಂದು ಅವರು ಯಾವತ್ತೂ ಅಂದುಕೊಂಡವರಲ್ಲ. ಹಾಗಂದುಕೊಂಡಿದ್ದರೆ ಸ್ಟೇರಿಂಗ್ ಹಿಡಿದ ಕೈ ನಡುಗುತ್ತಿತ್ತು. "ಸಸ್ಪಿಶಿಯಸ್ ಆದವಳು ಆಗಲೇ ತೀರ್ಪು ಕೊಟ್ಟುಬಿಟ್ಟಿರುತ್ತಾಳೆ, ಇವಳು ಕೆಟ್ಟವಳು ಅಂತ. ವೇರಿ ಆದವಳು ಇನ್ನೂ ನೋಡುತ್ತಿರುತ್ತಾಳೆ. ಅವಳ ಕಣ್ಣು ತೆರೆದಿರುತ್ತದೆ. ಗೋಲ್‌ಕೀಪರ್ ತೀರ್ಪು ಕೊಟ್ಟುಬಿಟ್ಟರೆ ಮುಗಿಯಿತು. ಚೆಂಡು ಬರುವ ಮೊದಲೇ ಅವಳು ಹೊರಟಿರುತ್ತಾಳೆ."

ಮೇಘಾಳ ಕೈಯಲ್ಲಿದ್ದ ಮಂಡಕ್ಕಿ ತಣ್ಣಗಾಯಿತು. ಗೈಡಿನಲ್ಲಿ ಎರಡು ಪದಗಳ ಮಧ್ಯೆ ಇದ್ದದ್ದು ಒಂದು ಸಣ್ಣ ಅಡ್ಡಗೆರೆ. ಅದನ್ನು ನಂಬಿ ತಾನು ಒಬ್ಬ ಹುಡುಗಿಯ ಕಿವಿಗೆ ದಿನವೂ ವಿಷ ಹುಯ್ದದ್ದು! ಅದೂ ಎದುರುಮನೆಯ ಹುಡುಗಿ, ಅದೂ ಹೇಳಿದ್ದನ್ನೆಲ್ಲ ಕೇಳುವವಳು.

ಅವಳು ಓಡಿದಳು. ಹುಡುಗಿಯರು ಉಳಿದುಕೊಂಡಿದ್ದ ಛತ್ರದ ಮೆಟ್ಟಿಲ ಮೇಲೆ ಸುಂಕಮ್ಮ ಒಬ್ಬಳೇ ಕೂತು ಗ್ಲೌಸು ಒಣಗಿಸುತ್ತಿದ್ದಳು.

"ಸುಂಕೀ, ತಪ್ಪಾತು. ಮೇಡಂ ಡೌಟ್ ಪಡು ಅಂದಿಲ್ಲ. ಹುಷಾರಿರು ಅಂದಾರ. ನಾ ತಪ್ಪು ಹೇಳಿದೆ. ನಂದಿನೀನ ನಂಬು."

ಸುಂಕಮ್ಮ ತಲೆಯೆತ್ತಿದಳು. "ಅಕಿ ತುಟಿ ಒಡೀತಂತ ಈಗ ಹಿಂಗ ಹೇಳಾಕತ್ತಿ. ಅಕಿ ಅತ್ತು ಕರದು ನಿನ್ನ ಕಳಿಸ್ಯಾಳ."

"ಇಲ್ಲ ಲೇ, ಖರೇನ ನಾ—"

"ಯಾರನ್ನೂ ನಂಬಬ್ಯಾಡ ಅಂದಾಕಿ ನೀನ. ಈಗ ನಂಬು ಅಂತಿ. ಈಗ ನಿನ್ನ ಮಾತು ಹೆಂಗ ನಂಬಲಿ ಯಕ್ಕಾ?"

ಸುಂಕಮ್ಮ ಮತ್ತೆ ಗ್ಲೌಸಿನ ಕಡೆ ತಿರುಗಿದಳು. ಒಳಗೆ ಹೋದ ಸಂಶಯ ಬಾಗಿಲು ಹಾಕಿಕೊಂಡು ಕೂತಿತ್ತು. ಹೊರಗೆ ನಿಂತು ಎಷ್ಟು ಬಡಿದರೂ, ಬಡಿಯುವವಳ ಮೇಲೇ ಅದಕ್ಕೆ ಸಂಶಯ.

ಮರುದಿನ ಫೈನಲ್. ನರಸಿಂಹ ಸರ್ ಕೈಕಾಲು ಬಿದ್ದು ನಂದಿನಿಯನ್ನು ಒಪ್ಪಿಸಿದ್ದರು. ಮೈದಾನದ ಸುತ್ತ ಜಾತ್ರೆಯಷ್ಟು ಜನ. ಕಾಂಪೌಂಡ್ ಗೋಡೆಯ ಮೇಲೆ ಕಾಲು ಇಳಿಬಿಟ್ಟವರು, ಟ್ರ್ಯಾಕ್ಟರಿನ ಮೇಲೆ ನಿಂತವರು, ಎಲ್ಲ ಬಿಟ್ಟು ಬೇವಿನ ಮರ ಹತ್ತಿದವರು. "ಬಳ್ಳಾರಿ! ಬಳ್ಳಾರಿ!" ಎಂದು ಒಂದು ಕಡೆ, "ಸಿರುಗುಪ್ಪ!" ಎಂದು ಇನ್ನೊಂದು ಕಡೆ, ಅದನ್ನು ಮೀರಿಸಲು "ಕುರುಗೋಡು!" ಎಂದು ಮತ್ತೊಂದು ಕಡೆ. ಬೆಳಗಾವಿಯ ಹುಡುಗಿಯರು ಕೆಂಪು ಬನಿಯನ್ ತೊಟ್ಟು ಸಾಲಾಗಿ ಬಂದರು. ಒಂಬತ್ತನೇ ನಂಬರಿನವಳು ಸಣ್ಣಗೆ, ಬೆತ್ತದಂತಿದ್ದಳು. ಚೆಂಡು ಮುಟ್ಟಿದರೆ ಅದು ಹೊಲಿದ ಹಾಗೆ ಕಾಲಿಗೆ ಅಂಟಿಕೊಳ್ಳುತ್ತಿತ್ತು.

ಮೊದಲರ್ಧ ಮೇಘಾಗೆ ಕೆಂಡದ ಮೇಲೆ ನಿಂತ ಹಾಗಿತ್ತು. ಸುಂಕಮ್ಮ ಒಂದು ಚೆಂಡನ್ನೂ ನಂದಿನಿಗೆ ಕೊಡಲಿಲ್ಲ. ಹಿಡಿದದ್ದನ್ನೆಲ್ಲ ಕಣ್ಣುಮುಚ್ಚಿ ದೂರಕ್ಕೆ ಒದ್ದಳು, ಎಲ್ಲವೂ ಬೆಳಗಾವಿಯವರ ಪಾಲಾದವು. ಒಮ್ಮೆ ನಂದಿನಿ ಯಾರೂ ಇಲ್ಲದ ಹೊತ್ತು ನೋಡಿ, ಸಮಾಧಾನವಾಗಿ ಚೆಂಡನ್ನು ಹಿಂದಕ್ಕೆ ಉರುಳಿಸಿದಳು. ತನ್ನ ತಂಡದವಳೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಮುಟ್ಟುವಂತಿಲ್ಲ, ಒದೆಯಬೇಕು. ಸುಂಕಮ್ಮನ ಕಣ್ಣು ಚೆಂಡಿನ ಮೇಲಿರಲಿಲ್ಲ, ನಂದಿನಿಯ ಮುಖದ ಮೇಲಿತ್ತು. ಗಡಿಬಿಡಿಯಲ್ಲಿ ಕಾಲು ಬೀಸಿದಳು. ಚೆಂಡು ನೇರ ಒಂಬತ್ತನೆಯವಳ ಕಾಲಿಗೆ. ಅವಳು ನಗುತ್ತಲೇ ಗೋಲಿನೊಳಗೆ ತಳ್ಳಿದಳು.

ಬೇವಿನ ಮರವೇ ನಿಟ್ಟುಸಿರು ಬಿಟ್ಟಂತೆ ಇಡೀ ಮೈದಾನ "ಅಯ್ಯೋ" ಎಂದಿತು.

ಹಾಫ್ ಟೈಮ್. ಹುಡುಗಿಯರು ನೆರಳಿಗೆ ಬಂದು ಕುಸಿದರು. ಸುಂಕಮ್ಮ ದೂರ ಕೂತಳು. ನಂದಿನಿ ನಿಂಬೆಹಣ್ಣಿನ ಹೋಳನ್ನು ಬಾಯಿಗಿಟ್ಟುಕೊಂಡು, ಒಡೆದ ತುಟಿ ಉರಿದು, ಅದನ್ನೇ ನೆಲಕ್ಕೆ ಬೀಸಿ ಒಗೆದಳು. ಮೇಡಂ ಮಾತು ಶುರುಮಾಡಿದರು. ಮೊದಲ ವಾಕ್ಯದಲ್ಲೇ ಆ ಪದ ಬಂತು: "ಸುಂಕಮ್ಮಾ, ವೇರಿ, ನಾಟ್ ಸಸ್ಪಿಶಿಯಸ್." ಹೇಳಿ ಮೇಘಾಳ ಕಡೆ ನೋಡಿದರು.

ಈಗ ತಿರುಗಿಸಬೇಕು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಅವಳು ಸುಂಕಮ್ಮನ ಕಡೆ ಹೋಗಲಿಲ್ಲ. ನಂದಿನಿಯ ಮುಂದೆ ಹೋಗಿ ಮೊಣಕಾಲೂರಿದಳು.

"ನಂದಿನಿ, ನಿನ್ನ ತುಟಿ ಒಡದಾಕಿ ಸುಂಕಿ ಅಲ್ಲ, ನಾನು. ಎಲ್ಲಾರ ಮ್ಯಾಲೂ ಡೌಟ್ ಪಡು, ಯಾರನ್ನೂ ನಂಬಬ್ಯಾಡ ಅಂತ ದಿನಾ ಅಕಿ ಕಿವ್ಯಾಗ ಒದರಿದಾಕಿ ನಾನು. ಮೇಡಂ ಹಂಗಂದಿರಲಿಲ್ಲ. ನನಗ ಆ ಇಂಗ್ಲಿಷ್ ಶಬ್ದ ಪೂರಾ ಗೊತ್ತಿರಲಿಲ್ಲ. ಗೊತ್ತೈತಿ ಅನ್ಕೊಂಡಿದ್ದೆ."

ನಂದಿನಿ ಬಾಯಿ ತೆರೆದು ನೋಡಿದಳು. "ಅಂದ್ರ... ಇಷ್ಟ್ ದಿನ ಈ ಹುಡುಗಿ ನೀವ್ ಹೇಳಿದ್ದ ಮಾಡ್ಯಾಳೇನು?"

"ಹೇಳಿದಷ್ಟ ಮಾಡ್ಯಾಳ."

"ಥೂ ಇದರ!" ನಂದಿನಿಗೆ ಸಿಟ್ಟು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ. ಸುಂಕಮ್ಮನ ಕಡೆ ತಿರುಗಿ, "ಯಕ್ಕ ಬಾವ್ಯಾಗ ಜಿಗಿ ಅಂದ್ರ ಜಿಗೀತಿದ್ದೇನ್ ಲೇ?" ಎಂದಳು. ನಕ್ಕದ್ದಕ್ಕೆ ತುಟಿ ನೋಯಿತು, ಹಿಡಿದುಕೊಂಡಳು. ಸುಂಕಮ್ಮನ ಮುಖ ಸಡಿಲವಾಯಿತು. ಮೇಘಾ ತನ್ನ ತಪ್ಪನ್ನು ನಂದಿನಿಯ ಎದುರಿಗೇ, ಇಡೀ ತಂಡದ ಎದುರಿಗೆ ಹೇಳಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಇದರಲ್ಲಿ ಮಸಲತ್ತು ಹುಡುಕಲು ಜಾಗವಿರಲಿಲ್ಲ.

"ಈಗ ಕೇಳು ಸುಂಕೀ," ಎಂದಳು ಮೇಘಾ. "ಸೀತಾಫಲ ತರಾಕ ನೀ ನಮ್ಮೂರ ಗುಡ್ಡಕ್ಕ ಹೋಗ್ತಿಯಿಲ್ಲೋ?"

"ಹೋಗ್ತೀನಿ."

"ಕರಡಿ ಅದಾವಲ್ಲ ಅಲ್ಲಿ."

"ಅದಾವ."

"ಮತ್ತ ಹೆಂಗ ಹೋಗ್ತಿ?"

ಸುಂಕಮ್ಮ ಯೋಚಿಸಿದಳು. "ನೋಡ್ಕೊಂತ ಹೋಗ್ತೀನಿ. ಸಪ್ಪಳಾದ್ರ ನಿಂದರ್ತೀನಿ. ಕರಡಿ ಆದ್ರ ಓಡ್ತೀನಿ, ಹಂದಿಮರಿ ಆದ್ರ ಹಣ್ಣು ಹರೀತೀನಿ."

"ಪ್ರತಿ ಪೊದ್ಯಾಗೂ ಕರಡಿ ಐತಿ ಅಂತ ಮೊದಲ ಓಡಿಬಿಟ್ರ?"

"ಬುಟ್ಟಿ ತುಂಬಂಗಿಲ್ಲ."

"ಅಷ್ಟ ನೋಡು! ಪ್ರತಿ ಪೊದಿಗೂ ಓಡೋದು ಡೌಟು. ಸಪ್ಪಳಾದ್ರ ನಿಂತು ನೋಡೋದು ನಿಗಾ. ಡೌಟು ಬ್ಯಾರೆ, ನಿಗಾ ಬ್ಯಾರೆ. ಮೇಡಂ ಇಷ್ಟ್ ದಿನ ನಿನಗ ನಿಗಾ ಇಡು ಅಂದಾರ. ಒಂಬತ್ತರಾಕಿ ಮ್ಯಾಲ ನಿಗಾ ಇಡು. ಚೆಂಡಿನ ಮ್ಯಾಲ ನಿಗಾ ಇಡು. ನಂದಿನಿ ಮ್ಯಾಲೂ ಇಡು, ಎಲ್ಲಿ ನಿಂತಾಳ, ಯಾ ಕಡೆ ಹೊಂಟಾಳ ಅಂತ. ಅಕಿ ಏನ್ ಮಾಡ್ತಾಳ ಅಂತ ನೋಡಿದಮ್ಯಾಲ ನೀ ಏನ್ ಮಾಡ್ಬೇಕಂತ ಗೊತ್ತಾಗ್ತೈತಿ. ಮೊದಲ ಅಲ್ಲ."

"ನಿಗಾ," ಎಂದಳು ಸುಂಕಮ್ಮ. ಆ ಮಾತು ಅವಳ ಅವ್ವ ದಿನಾ ಒಣಹಾಕಿದ ಮೆಣಸಿನಕಾಯಿಯ ಹತ್ತಿರ ಕೂರಿಸಿ ಹೇಳುವ ಮಾತು. ಅದನ್ನು ಯಾರೂ ಅವಳಿಗೆ ಕಲಿಸಬೇಕಿರಲಿಲ್ಲ. ಎದ್ದು ಗ್ಲೌಸು ಬಿಗಿದುಕೊಂಡಳು.

ಎರಡನೇ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ ನರಸಿಂಹ ಸರ್ ಮೊಮ್ಮಗಳು ಶ್ರೀಕೃತಿ ಎಡಗಡೆಯಿಂದ ಅಳಿಲಿನಂತೆ ಓಡಿ, ಇಬ್ಬರ ನಡುವೆ ನುಸುಳಿ, ಗೋಲು ಹೊಡೆದಳು. ಸಮ! ಸರ್ ಪಂಚೆ ಎತ್ತಿ ಕಟ್ಟಿ ಗೆರೆ ದಾಟಿ ಓಡಿದರು. ರೆಫರಿ ಗದರಿ ವಾಪಸು ಕಳಿಸಿದ. ಜನ ಕೂಗಿದ್ದಕ್ಕೆ ಮೇಘಾಳ ಕಿವಿ ಗುಂಯ್ ಎಂದಿತು.

ಆಮೇಲೆ ಬೆಳಗಾವಿಯವರು ಅಲೆಯಂತೆ ಬಂದರು. ಬಂದಷ್ಟೂ ಬಾರಿ ಸುಂಕಮ್ಮ ತನ್ನ ಜಾಗದಲ್ಲಿದ್ದಳು. ಚೆಂಡು ತೂಗಿ ಬಂದಾಗ ನಂದಿನಿ "ನಂದು!" ಎಂದರೆ ಒಂದು ಹೆಜ್ಜೆ ಹಿಂದೆ ನಿಂತು ನೋಡಿದಳು. ತಾನೇ ಹಿಡಿಯಬೇಕಾದಾಗ "ನಂದು!" ಎಂದು ಮೊದಲ ಸಲ ಬಾಯಿ ಬಿಟ್ಟು ಕೂಗಿದಳು. ನಂದಿನಿ ತಕ್ಷಣ ಬಗ್ಗಿ ದಾರಿ ಬಿಟ್ಟಳು. ಹಿಡಿದ ಚೆಂಡನ್ನು ಈಗ ಕಣ್ಣುಮುಚ್ಚಿ ಒದೆಯಲಿಲ್ಲ. ನೋಡಿ, ಕೈಯಿಂದ ಉರುಳಿಸಿ, ನಂದಿನಿಯ ಕಾಲಿಗೇ ಕೊಟ್ಟಳು.

"ಏನು ಹೇಳಿದೆ ನೀನು ಅವಳಿಗೆ?" ಮೇಡಂ ಮೇಘಾಳ ರಟ್ಟೆ ಹಿಡಿದು ಅಲುಗಾಡಿಸಿದರು.

"ಕರಡಿ ವಿಷಯ ಮೇಡಂ!"

"ಏನು?"

"ಆಮೇಲೆ ಹೇಳ್ತೀನಿ ಮೇಡಂ, ನೋಡ್ರಿ, ನೋಡ್ರಿ!" ಅವಳು ಯಾವ ಭಾಷೆಯಲ್ಲಿ ಹೇಳುತ್ತಿದ್ದಾಳೆಂದು ಅವಳಿಗೇ ಗೊತ್ತಿರಲಿಲ್ಲ.

ಒಂಬತ್ತನೆಯವಳು ಬಂದಿದ್ದಳು. ಮೈದಾನದ ನಡುವೆ ಚೆಂಡು ಕಸಿದು, ಒಬ್ಬಳನ್ನು ದಾಟಿ, ಇನ್ನೊಬ್ಬಳನ್ನು ದಾಟಿ, ಒಂಟಿಯಾಗಿ ಗೋಲಿನ ಕಡೆ. ಹಿಂದೆ ನಂದಿನಿ ಏದುಸಿರು ಬಿಡುತ್ತ ಅಟ್ಟಿಸಿಕೊಂಡು ಬರುತ್ತಿದ್ದಳು, ಆದರೆ ನಡುವೆ ಅಂತರವಿತ್ತು. ಆಟ ಮುಗಿಯಲು ಹೊತ್ತೇ ಉಳಿದಿರಲಿಲ್ಲ.

ಒಂಬತ್ತನೆಯವಳು ಕಾಲೆತ್ತಿದಳು. ಇಡೀ ಮೈ ಹೊಡೆಯುವವಳ ಹಾಗೆ ಬಾಗಿತು. ಮೊದಲರ್ಧದ ಸುಂಕಮ್ಮ ಆಗಿದ್ದರೆ ಆಗಲೇ ನೆಲದ ಮೇಲಿರುತ್ತಿದ್ದಳು. ಈಗಿನವಳು ಮೊಣಕಾಲು ಬಗ್ಗಿಸಿ, ಎರಡೂ ಕೈ ಚಾಚಿ, ನಿಂತಿದ್ದಳು. ಅವಳ ಕಣ್ಣು ಮಾತ್ರ ಅಲುಗಿತು. ಕಾಲು ಇಳಿಯಿತು, ಚೆಂಡು ಹೊರಡಲಿಲ್ಲ. ಮೋಸ ಬಯಲಾಗಿತ್ತು! ಒಂಬತ್ತನೆಯವಳು ಇನ್ನೊಮ್ಮೆ ಆ ಕಡೆ ವಾಲಿದಳು. ಸುಂಕಮ್ಮ ಅಲ್ಲೇ. ಕಣ್ಣು ಮಿಟುಕಿಸುವಷ್ಟು ಹೊತ್ತು ಹುಡುಗಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಅಷ್ಟು ಹೊತ್ತು ನಂದಿನಿಗೆ ಸಾಕಾಯಿತು. ಪಕ್ಕದಿಂದ ಧೂಳೆಬ್ಬಿಸಿಕೊಂಡು ಜಾರಿ ಬಂದು, ಹುಡುಗಿಯನ್ನು ಮುಟ್ಟದೆ ಚೆಂಡನ್ನಷ್ಟೇ ಕಿತ್ತು, ಬಿದ್ದಲ್ಲಿಂದಲೇ ಹಿಂದಕ್ಕೆ ತಳ್ಳಿದಳು. ಸುಂಕಮ್ಮನ ಕಾಲಿಗೆ.

ಅದೇ ಚೆಂಡು. ಕೈಯಲ್ಲಿ ಮುಟ್ಟುವಂತಿಲ್ಲದ ಚೆಂಡು. ಕೆಂಪು ಬನಿಯನ್ನಿನ ಇಬ್ಬರು ಅವಳ ಮೇಲೆ ನುಗ್ಗುತ್ತಿದ್ದರು.

"ಒದೀ ಲೇ!" ಎಂದು ಗೋಡೆಯ ಮೇಲಿನವರು ಕೂಗಿದರು.

ಸುಂಕಮ್ಮ ಒದೆಯಲಿಲ್ಲ. ಚೆಂಡನ್ನು ಕಾಲಡಿ ನಿಲ್ಲಿಸಿ ತಲೆಯೆತ್ತಿದಳು. ನಂದಿನಿ ಆಗಲೇ ಎದ್ದು, ಮೊಣಕೈಯಲ್ಲಿ ರಕ್ತ, ಬಲಗಡೆ ಖಾಲಿ ಜಾಗಕ್ಕೆ ಓಡುತ್ತಿದ್ದಳು. ಕೈ ಕೂಡ ಎತ್ತಿರಲಿಲ್ಲ, ಕೇಳಲೂ ಇಲ್ಲ. ಸುಂಕಮ್ಮ ಅವಳ ಓಟದ ಮುಂದಕ್ಕೆ, ಅವಳು ಇನ್ನೂ ತಲುಪದ ಜಾಗಕ್ಕೆ ಚೆಂಡನ್ನು ಕಳಿಸಿದಳು. ನಂದಿನಿ ತಲುಪಿದಳು. ನಿಲ್ಲದೆ, ತಲೆಯನ್ನೂ ಎತ್ತದೆ, ಮೈದಾನದ ಆ ತುದಿಗೆ ಹಾರಿಸಿದಳು. ಅಲ್ಲಿ ಶ್ರೀಕೃತಿ! ಬೆಳಗಾವಿಯವರೆಲ್ಲ ಈ ಕಡೆ ಬಂದುಬಿಟ್ಟಿದ್ದರು. ಒಬ್ಬಳೇ ಓಡಿದಳು, ಒಬ್ಬಳೇ, ಅವಳ ಜಡೆ ಹಿಂದೆ ಬಾವುಟದಂತೆ ಹಾರುತ್ತಿತ್ತು. ಅವರ ಗೋಲಿ ಮುಂದೆ ಬಂದಳು, ಇವಳು ಪಕ್ಕಕ್ಕೆ ಸರಿಸಿದಳು—

ಬಲೆ ಅಲುಗಿತು.

ಆಮೇಲೆ ಏನಾಯಿತೆಂದು ಮೇಘಾಗೆ ಸರಿಯಾಗಿ ನೆನಪಿಲ್ಲ. ತಾನು ರಿನ್ನಿ ಮೇಡಂ ಅವರನ್ನು ಎತ್ತಿಕೊಂಡಿದ್ದಾಗಿ ನರಸಿಂಹ ಸರ್ ಹೇಳುತ್ತಾರೆ. ಮೇಡಂ ಅವಳ ಬೆನ್ನಿಗೆ ಗುದ್ದುತ್ತ ಮಿಜೋದಲ್ಲಿ ಏನೋ ಕಿರುಚುತ್ತಿದ್ದದ್ದು ನೆನಪಿದೆ. ಸೀಟಿ ಊದಿದಾಗ ಜನ ಮೈದಾನಕ್ಕೆ ನುಗ್ಗಿದ್ದು ನೆನಪಿದೆ. ಗೋಲ್‌ಪೋಸ್ಟಿನ ಹತ್ತಿರ ಸುಂಕಮ್ಮ ಮತ್ತು ನಂದಿನಿ ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಅಳುತ್ತಿದ್ದರು. ಅವಳು ಹತ್ತಿರ ಹೋದಾಗ ನಂದಿನಿ ಕಣ್ಣೊರೆಸಿಕೊಂಡು, "ನೀವ್ ಅತ್ಲಾಗ ಹೋಗ್ರಿ ಯಕ್ಕಾ, ಇನ್ನೇನರ ತಪ್ಪು ಹೇಳಿಗಿಳೀರಿ!" ಎಂದು ನಗಾಡಿದಳು. ಸುಂಕಮ್ಮ ಮಾತ್ರ ಮೇಘಾಳ ಕೈ ಹಿಡಿದುಕೊಂಡು ಬಿಡಲಿಲ್ಲ.

ಕಪ್ಪು ಹಿಡಿದುಕೊಂಡು ಊರಿಗೆ ಹೊರಟಾಗ ಹೊತ್ತು ಇಳಿದಿತ್ತು. ಕ್ರೂಸರ್ ಗಾಡಿ ತುಂಬ ಹುಡುಗಿಯರು, ಮುಂದಿನ ಸೀಟಿನಲ್ಲಿ ರಿನ್ನಿ ಮೇಡಂ. ಎರಡೂ ಊರಿಗೆ ದಾರಿ ಒಡೆಯುವ ಕ್ರಾಸ್ ಬರುವಷ್ಟರಲ್ಲಿ ಹೊಸ ಜಗಳ. ಕಪ್ಪು ಮೊದಲು ಕುರುಗೋಡಿಗೋ, ಸಿರುಗುಪ್ಪಕ್ಕೋ? ಸುಂಕಮ್ಮ ಒಂದು ಹಿಡಿ, ನಂದಿನಿ ಇನ್ನೊಂದು ಹಿಡಿ ಹಿಡಿದು ಎಳೆಯುತ್ತಿದ್ದರು. ಗಾಡಿ ಓಡಿಸುತ್ತಿದ್ದ ಮಾರೆಣ್ಣ ಕ್ರಾಸಿನಲ್ಲಿ ನಿಲ್ಲಿಸಿ, "ಯಾ ಕಡೆ ಹೋಗಲಿ, ಹೇಳ್ರಿ" ಎಂದ. ಎರಡೂ ಊರಿನ ಹೆಸರು ಒಟ್ಟಿಗೆ ಬಂದವು. ಅವನು ಎಂಜಿನ್ ಆರಿಸಿ ಚಹಾ ಅಂಗಡಿಗೆ ನಡೆದ.

ಆಗ ಕುರುಗೋಡಿನ ಕಡೆಯಿಂದ ಹಲಗೆ ಬಡಿಯುವ ಸದ್ದು ಕೇಳಿಸಿತು. ಸುದ್ದಿ ಫೋನಿನಲ್ಲಿ ಆಗಲೇ ಊರು ಮುಟ್ಟಿತ್ತು. ವಿರೂಪಮ್ಮ ಮುಂದೆ, ಹಿಂದೆ ರಾಮಾಂಜಿನಿ, ಅವರ ಹಿಂದೆ ಕೇರಿಗೆ ಕೇರಿಯೇ ನಡೆದು ಬರುತ್ತಿತ್ತು. ಇನ್ನೊಂದು ಕಡೆಯಿಂದ ಸಿರುಗುಪ್ಪದ ಬೈಕುಗಳು ಹಾರ್ನ್ ಹೊಡೆಯುತ್ತ, ಹಿಂದೊಂದು ಟ್ರ್ಯಾಕ್ಟರ್, ಅದರ ತುಂಬ ಜನ. ಎರಡೂ ದಂಡು ಕ್ರಾಸಿನಲ್ಲೇ ಕೂಡಿಕೊಂಡವು. ಹುಡುಗಿಯರು ಬಾಗಿಲಿನಿಂದಲೂ ಕಿಟಕಿಯಿಂದಲೂ ಧುಮುಕಿದರು.

"ಯಕ್ಕಾ, ಮೇಡಂಗ ಹೇಳು, ಈಗ ಕುಣೀಬೇಕು ಅಂತ!" ಸುಂಕಮ್ಮ ಹಲಗೆಯ ಸದ್ದು ಮೀರಿ ಕೂಗಿದಳು.

ಮೇಘಾ ತಿರುಗಿ ನೋಡಿದಳು. ರಿನ್ನಿ ಮೇಡಂ ಆಗಲೇ ಬೂಟು ಬಿಚ್ಚಿ ಒಗೆದು, ವಿರೂಪಮ್ಮನ ಎರಡೂ ಕೈ ಹಿಡಿದು, ನಡುರಸ್ತೆಯಲ್ಲಿ ಕುಣಿಯುತ್ತಿದ್ದರು.